ನಿಲ್ಲುವಂಥ ದೋಣಿ

ಫೆಬ್ರವರಿ 4

ಬುಗುರಿ,

ಪತ್ರ ಕಂಡು ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಮನೆಯ ಫೋನಿನ ಕಥೆ ನಿನಗೆ ಗೊತ್ತಲ್ಲ. ಅಪ್ಪನಿಗೆ ಕಿವಿ ಮಂದವಾದ ಮೇಲೆ ಅದು ಇಡೀ ಮನೆಗೆ ಕೇಳುವ ಹಾಗೆ ಮಾತಾಡುತ್ತದೆ. ಮೆಸೇಜು ಬಂದರೆ, "ಯಾರದ್ದು? ಏನಂತೆ? ಓದು" ಅನ್ನುತ್ತಾರೆ. ನೀನೋ ಹಗಲೆಲ್ಲ ಲಿಫ್ಟಿನ ಗುಂಡಿಯೊಳಗೆ ನೇತಾಡುವವನು, ಕರೆದರೆ ಸಿಗುವುದಿಲ್ಲ. ಹಾಗಾಗಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೂತು, ಚೀಟಿ ಹಿಡಿದವರು ಯಾರೂ ಇಲ್ಲದ ಹೊತ್ತು ನೋಡಿ ಬರೆಯುತ್ತಿದ್ದೇನೆ. ಉತ್ತರವನ್ನೂ ಈ ವಿಳಾಸಕ್ಕೇ ಹಾಕು.

ಅಪ್ಪನ ಮರದ ದೋಣಿ ಮುಗಿಯಿತು. ತಳದ ಹಲಗೆಗೆ ಬೆರಳು ಒತ್ತಿದರೆ ನೆನೆದ ಬ್ರೆಡ್ಡಿನ ಹಾಗೆ ಒಳಗೆ ಹೋಗುತ್ತದೆ. "ಅದಕ್ಕೂ ನನಗೂ ಒಂದೇ ಕಾಯಿಲೆ, ಕೀಲು ಬಿಟ್ಟಿದೆ" ಅಂತ ಅಪ್ಪ ನಗುತ್ತಾರೆ. ಈಗ ಅವರಿಗೆ ಅಲ್ಯೂಮಿನಿಯಂ ದೋಣಿ ಬೇಕಂತೆ. ಸಣ್ಣದು, ಒಬ್ಬರೇ ಎಳೆದು ದಡಕ್ಕೆ ಹಾಕುವಂಥದ್ದು. ನಿನ್ನ ಊರಿನಲ್ಲಿ ಟೈರು ಅಂಗಡಿಯ ಪಕ್ಕ ದೋಣಿ ಮಾರುವವನೊಬ್ಬ ಇದ್ದಾನೆ ಎಂದು ಹಿಂದೊಮ್ಮೆ ಹೇಳಿದ್ದೆಯಲ್ಲ, ಅವನ ಹತ್ತಿರ ಹೋಗಿ ನೋಡು. ಎರಡು ಥರ ಬರುತ್ತದಂತೆ, ತಳ ಚಪ್ಪಟೆಯಾಗಿರುವುದು ಒಂದು, ತಳ ಚೂಪಾಗಿರುವುದು ಇನ್ನೊಂದು. ಅಂಗಡಿಯವ ಏನು ಹೇಳುತ್ತಾನೋ ಎಲ್ಲವನ್ನೂ ಕೇಳಿ ಬರೆ. ನಿನಗೆ ಅನಿಸಿದ್ದನ್ನೂ ಸೇರಿಸು.

ಒಂದು ಮಾತು ಮಾತ್ರ ನೆನಪಿರಲಿ. ಅಪ್ಪ ನಿಲ್ಲುವಂಥ ದೋಣಿ ಆಗಬೇಕು.

ಚೀಟಿಯವರು ಬಂದರು. ಇಲ್ಲಿಗೆ ಮುಗಿಸುತ್ತೇನೆ.

ಅಕ್ಕ

---

ಫೆಬ್ರವರಿ 15

ಅಕ್ಕ,

ಹೋದ ಭಾನುವಾರ ಅಂಗಡಿಗೆ ಹೋಗಿದ್ದೆ. ಪಾತ್ರೆ ಅಂಗಡಿಯಲ್ಲಿ ಬಾಣಲೆ ನೇತುಹಾಕಿದ ಹಾಗೆ ಗೋಡೆ ತುಂಬ ದೋಣಿ ನೇತುಹಾಕಿದ್ದಾನೆ. ಅಂಗಡಿಯವನಿಗೆ ಹೊಟ್ಟೆ ದೊಡ್ಡದು, ಮಾತು ಅದಕ್ಕಿಂತ ದೊಡ್ಡದು. "ಮೇಲಿಂದ ನೋಡ್ಬೇಡಿ ಸಾರ್, ಮೇಲಿಂದ ಎಲ್ಲಾ ಒಂದೇ ಥರ ಕಾಣುತ್ತೆ. ಬಗ್ಗಿ ತಳ ನೋಡಿ" ಅಂದ. ಬಗ್ಗಿ ನೋಡಿ ತಲೆಗೆ ಪೆಟ್ಟು ತಿಂದೆ.

ಚಪ್ಪಟೆ ತಳದ್ದಕ್ಕೆ ನಾನು ತಟ್ಟೆ ಅಂತ ಹೆಸರಿಟ್ಟೆ, ಚೂಪು ತಳದ್ದಕ್ಕೆ ಕೊಡಲಿ ಅಂತ. ಅಂಗಡಿಯ ಹಿಂದೆ ನೀರು ನಿಂತ ಒಂದು ಹಳೇ ಕಲ್ಲುಗಣಿ ಇದೆ. ಎರಡನ್ನೂ ಅದರಲ್ಲಿ ಇಳಿಸಿ ತೋರಿಸಿದ. ತಟ್ಟೆಯಲ್ಲಿ ನಿಂತರೆ ನೆಲದ ಮೇಲೆ ನಿಂತ ಹಾಗೇ ಇರುತ್ತದೆ ಅಕ್ಕ. ಅಂಗಡಿಯವ ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು ಅದರ ಒಂದು ಅಂಚಿಗೆ ಹೋಗಿ ನಿಂತ, ಅದು ಸ್ವಲ್ಪ ತಲೆ ಬಗ್ಗಿಸಿತು, ಅಷ್ಟೆ. ಮೊಣಕಾಲು ಮುಳುಗುವಷ್ಟು ನೀರಿದ್ದರೆ ಸಾಕು, ಜೊಂಡಿನೊಳಗೂ ನುಗ್ಗುತ್ತದೆ. ಕೊಡಲಿಯೊಳಗೆ ಕಾಲಿಟ್ಟ ಕೂಡಲೇ ಅದು ನನ್ನನ್ನು ಆಚೆ ಹಾಕಲು ನೋಡಿತು. ಕೂತಮೇಲೆ ಸುಮ್ಮನಾಯಿತು. ದೊಡ್ಡ ಅಲೆಗೆ ಅದೇ ಒಳ್ಳೆಯದಂತೆ, ನೀರನ್ನು ಸೀಳಿಕೊಂಡು ಹೋಗುತ್ತದಂತೆ. ನಿಂತು ಮಾಡುವ ಕೆಲಸಕ್ಕೆ ಮಾತ್ರ ಆಗಿಬರುವುದಿಲ್ಲ.

ಹಾಗಾಗಿ ಯೋಚಿಸುವುದಕ್ಕೇನೂ ಇಲ್ಲ. ನೀನು ಹೇಳಿದ ಹಾಗೆ ಅಪ್ಪ ನಿಲ್ಲಬೇಕು, ನಿಂತು ಬಲೆ ಬೀಸಬೇಕು. ತಟ್ಟೆಯೇ ಸರಿ. ಹ್ಞೂಂ ಅಂದರೆ ಮುಂದಿನ ವಾರವೇ ಲಾರಿಗೆ ಹಾಕಿಸುತ್ತೇನೆ.

ಅಪ್ಪನಿಗೆ ಈಗಲೇ ಹೇಳಬೇಡ, ಬಣ್ಣ ಯಾವುದು ಅಂತ ತಲೆ ತಿನ್ನುತ್ತಾರೆ. ಬಣ್ಣವೇ ಇಲ್ಲ. ಬರೀ ತಗಡಿನ ಬಣ್ಣ.

ತಲೆಗೆ ಪೆಟ್ಟು ತಿಂದ ನಿನ್ನ
ಬುಗುರಿ

---

ಫೆಬ್ರವರಿ 24

ಬುಗುರಿ,

ನಿನ್ನ ಪತ್ರ ಓದಿ ಕೌಂಟರಿನಲ್ಲೇ ನಕ್ಕುಬಿಟ್ಟೆ. ಕೆಮ್ಮಿನ ಔಷಧಿಗೆ ನಿಂತಿದ್ದ ಹೆಂಗಸು ನನ್ನನ್ನು ವಿಚಿತ್ರವಾಗಿ ನೋಡಿದಳು.

ತಟ್ಟೆ ಬೇಡ. ಕೊಡಲಿಯನ್ನು ಕಳಿಸು.

ಇಲ್ಲಿಯ ನೀರು ನಿನಗೆ ಮರೆತಿದೆ. ಮಧ್ಯಾಹ್ನ ತಿರುಗಿದ ಮೇಲೆ ಆಚೆ ದಡದಿಂದ ಗಾಳಿ ಏಳುತ್ತದೆ. ಚಪ್ಪಟೆ ತಳದ ದೋಣಿ ಅಲೆಗೆ ಬಡಿದು ನೀರು ಎರಚುತ್ತದೆ, ಮುಂದಕ್ಕೂ ಹೋಗುವುದಿಲ್ಲ ಎಂದು ಇಲ್ಲಿ ಜನರನ್ನು ದಾಟಿಸುವ ದೋಣಿಯವನು ಹೇಳಿದ. ಅಪ್ಪ ದೂರದ ನೀರಿಗೆ ಹೋಗುವವರು, ಜೊಂಡಿನಲ್ಲಿ ಕೂರುವ ಆಳಲ್ಲ. ಅಂಥವರಿಗೆ ತಕ್ಕದ್ದು ಅದೇ. ಮೊದಮೊದಲು ಅಲುಗಾಡುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ.

ಇದರ ಬಗ್ಗೆ ಇನ್ನು ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ಅಂಗಡಿಯವನಿಗೆ ಹೇಳಿಬಿಡು.

ಇಲ್ಲಿ ಹೊಸ ಡಾಕ್ಟರು ಬಂದಿದ್ದಾರೆ. ಅವರ ಅಕ್ಷರ ಇರುವೆ ಶಾಯಿಗೆ ಬಿದ್ದು ಎದ್ದು ಓಡಿದ ಹಾಗಿದೆ. ಓದಲು ನನ್ನ ಹತ್ತಿರವೇ ಬಂದು ಕೇಳುತ್ತಾರೆ, "ನಾನೇನು ಬರ್ದಿದೀನಿ ಮೇಡಂ?" ಅಂತ.

ಅಕ್ಕ

---

ಮಾರ್ಚ್ 6

ಅಕ್ಕ,

ಮತ್ತೆ ಅಂಗಡಿಗೆ ಹೋಗಿದ್ದೆ. ಕೊಡಲಿ ಬೇಕು, ನಮ್ಮ ತಂದೆಗೆ, ಅಂದೆ. "ಎಷ್ಟು ವಯಸ್ಸು?" ಅಂದ. ಹೇಳಿದೆ. "ಮಂಡಿ ಹೇಗಿದೆ?" ಅಂದ. ಅದನ್ನೂ ಹೇಳಿದೆ. ಆಗ ನಕ್ಕ. "ನಮ್ಮ ಮಾವನಿಗೂ ಇದನ್ನೇ ಕೊಟ್ಟೆ ಸಾರ್. ಹತ್ತಿದ ಕೂಡ್ಲೇ ಇಳಿಯೋಕೆ ಮನಸ್ಸಾಗುತ್ತೆ. ಒಂದೇ ವಾರ. ಈಗ ಅದರಲ್ಲಿ ಕೋಳಿ ಮಲಗುತ್ತೆ. ನಮ್ಮ ಅತ್ತೆ ಮಾತ್ರ ದಿನಾ ನನಗೆ ಒಳ್ಳೇದಾಗ್ಲಿ ಅಂತಾರೆ."

ಅವನು ತಮಾಷೆಗೆ ಹೇಳಿದ್ದು. ನಾನೂ ನಕ್ಕೆ. ಮನೆಗೆ ಬಂದು ನಿನ್ನ ಎರಡು ಪತ್ರವನ್ನೂ ಪಕ್ಕ ಪಕ್ಕ ಇಟ್ಟು ಓದಿದೆ. ಎರಡನೆಯದು ನಿನ್ನ ಪತ್ರದ ಹಾಗಿಲ್ಲ ಅಕ್ಕ, ಔಷಧಿ ಬಾಟಲಿಯ ಮೇಲಿನ ಚೀಟಿಯ ಹಾಗಿದೆ. ನನಗೆ ನೀರು ಮರೆತಿರಬಹುದು, ನೀನು ಸುಳ್ಳು ಹೇಳುವಾಗ ವಾಕ್ಯ ಚಿಕ್ಕದಾಗುವುದು ಮರೆತಿಲ್ಲ.

ಮೊದಲನೆಯದರಲ್ಲಿ ಬರೆದಿದ್ದೀಯ, ಅಪ್ಪ ನಿಲ್ಲುವಂಥ ದೋಣಿ ಆಗಬೇಕು ಅಂತ. ನಾನು ಅದನ್ನು ಓದಿಕೊಂಡದ್ದು ಒಂದು ಥರ. ಈಗ ಬೇರೆ ಥರ ಕೇಳಿಸುತ್ತಿದೆ. ನೀನು ಹೇಳಿದ್ದು ಯಾವ ನಿಲ್ಲುವುದು ಅಕ್ಕ? ಕಾಲ ಮೇಲೆ ನಿಲ್ಲುವುದಾ, ಹೋಗದೆ ನಿಲ್ಲುವುದಾ?

ಉತ್ತರ ಬರುವವರೆಗೂ ಅಂಗಡಿಯವನಿಗೆ ಏನೂ ಹೇಳುವುದಿಲ್ಲ.

ಬುಗುರಿ

---

ಮಾರ್ಚ್ 14

ಬುಗುರಿ,

ಎರಡನೆಯದು.

ಜನವರಿಯಲ್ಲಿ ಅಪ್ಪ ನೀರಿಗೆ ಬಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನಿಂತು ಬಲೆ ಬೀಸುವಾಗ ಬಲಗಾಲು ಮಡಿಚಿಕೊಂಡಿತು. ಹಿಂದೆ ಕುರ್ಚಿ ಇದೆ ಅಂದುಕೊಂಡವರ ಹಾಗೆ ಮೆಲ್ಲಗೆ ನೀರಿನೊಳಗೆ ಕೂತುಬಿಟ್ಟರು. ಬಲೆ ಅವರ ಮೇಲೆಯೇ ಬಿತ್ತು. ನಾನು ದಡಕ್ಕೆ ಓಡುವಷ್ಟರಲ್ಲಿ ದಾಟಿಸುವ ದೋಣಿಯವನು ಅವರನ್ನು ಬಲೆ ಸಮೇತ ಎಳೆದುಕೊಂಡು ಬಂದಿದ್ದ. "ಇವತ್ತು ಮೀನು ನನ್ನ ಹಿಡೀತು" ಎಂದು ಅಪ್ಪ ನಕ್ಕರು. ಹಲ್ಲು ಕಟಕಟ ಅನ್ನುತ್ತಿತ್ತು. ಆಮೇಲೆ, "ಅವನಿಗೆ ಹೇಳ್ಬೇಡ. ಅವನು ಎತ್ತರದಲ್ಲಿ ಕೆಲಸ ಮಾಡೋನು, ಮನಸ್ಸು ಇಲ್ಲಿದ್ರೆ ಅಲ್ಲಿ ಕೈ ಜಾರುತ್ತೆ" ಅಂದರು. ಅದಕ್ಕೇ ಹೇಳಿರಲಿಲ್ಲ.

ಹೋಗಬೇಡಿ ಅಂತ ಬಾಯಿಬಿಟ್ಟು ಹೇಳು ಎನ್ನುತ್ತೀಯ. ಹೇಳಿದರೆ ಕೇಳುತ್ತಾರೆ ಬುಗುರಿ, ಕಷ್ಟ ಇರುವುದೇ ಅಲ್ಲಿ. ಒಂದೇ ಒಂದು ಸಲ, "ಅಪ್ಪ, ಸಾಕು" ಅಂದರೆ ಬಲೆ ಮಡಿಸಿಟ್ಟು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತುಬಿಡುತ್ತಾರೆ. ಆ ಕುರ್ಚಿಯ ಎದುರು ದಿನಾ ನಾನು ಊಟ ಬಡಿಸಬೇಕು. ಬೇಡ ಅಂದವಳು ನಾನಾಗುವುದು ನನಗೆ ಬೇಡ. ಬೇಡ ಅಂತ ಅವರೇ ಅನ್ನಲಿ, ಅಥವಾ ದೋಣಿ ಅನ್ನಲಿ. ಹತ್ತಿದಾಗ ಅಲುಗಾಡಿದರೆ, ನಿಂತು ಬೀಸಲು ಆಗದಿದ್ದರೆ, ತಾವಾಗಿಯೇ ಬಿಡುತ್ತಾರೆ.

ಕಹಿ ಮಾತ್ರೆಗೆ ಸಕ್ಕರೆಯ ಲೇಪ ಇರುತ್ತದೆ. ನುಂಗುವವನಿಗೆ ಮೋಸ ಮಾಡಿದೆವೆಂದು ನಮ್ಮ ಕೌಂಟರಿನಲ್ಲಿ ಯಾರೂ ತಲೆ ತಗ್ಗಿಸುವುದಿಲ್ಲ. ಹಾಗೆಂದು ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ನೀನು ಒಪ್ಪದಿದ್ದರೆ ಹಾಗೆಂದು ಬರೆ. ಒಪ್ಪಿದರೆ ಬರೆಯಬೇಡ, ಕಳಿಸಿಬಿಡು. ಅಪ್ಪನಿಗೆ ಇದೊಂದನ್ನೂ ಹೇಳಬೇಡ.

ಅಕ್ಕ

---

ಮಾರ್ಚ್ 25

ಅಕ್ಕ,

ಕೊಡಲಿಯನ್ನು ಲಾರಿಗೆ ಹಾಕಿಸಿದ್ದೇನೆ. ಎರಡು ಹುಟ್ಟು, ತೇಲುವ ಎರಡು ಜಾಕೀಟು ಜೊತೆಯಲ್ಲಿವೆ. ಈ ದೋಣಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತು ಎರಡೂ ಹುಟ್ಟನ್ನು ಒಟ್ಟಿಗೆ ಎಳೆಯಬೇಕು, ಅಪ್ಪನಿಗೆ ಹೇಳು. ಇಳಿಸುವಾಗ ಮೂತಿಯ ಕಡೆ ಇಬ್ಬರು ಹಿಡಿಯಲಿ.

ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೇನೆ, ಇಂಥದ್ದು ಬರುತ್ತಿದೆ ಅಂತ. ಅವರೇನೂ ಅನ್ನಲಿಲ್ಲ.

ಕೆಲಸ ಜಾಸ್ತಿ ಇದೆ.

ಬುಗುರಿ

---

ಏಪ್ರಿಲ್ 5

ಬುಗುರಿ,

ದೋಣಿ ಬಂತು. ಲಾರಿಯವರು ಅದನ್ನು ದಡದ ಮೇಲೆ ಬೋರಲು ಹಾಕಿ ಹೋದರು. ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿತ್ತು. ಅಪ್ಪ ಅದರ ಸುತ್ತ ಒಂದು ಸುತ್ತು ಬಂದರು. ತಳದ ಚೂಪು ಅಂಚಿನ ಮೇಲೆ ಕೊನೆಯಿಂದ ಕೊನೆಯವರೆಗೆ ಅಂಗೈ ಎಳೆದರು. "ಒಳ್ಳೇ ಕೆಲಸ" ಅಂದರು. ಅಷ್ಟೇ.

ಮಾರನೆಯ ಬೆಳಿಗ್ಗೆ ಇಳಿಸಿದರು. ನಾನು ಕಿಟಕಿಯಲ್ಲಿ ನಿಂತಿದ್ದೆ. ಕಾಲಿಟ್ಟಾಗಲೇ ದೋಣಿ ಪಕ್ಕಕ್ಕೆ ಜರುಗಿತು, ಅಪ್ಪ ದೊಪ್ಪನೆ ಕೂತರು. ಸ್ವಲ್ಪ ದೂರ ಹೋಗಿ ಎದ್ದು ನಿಂತರು, ಮತ್ತೆ ಕೂತರು. ಬಲೆಯನ್ನು ತೋಳಿನ ಮೇಲೆ ಹಾಕಿಕೊಂಡು ಇನ್ನೊಮ್ಮೆ ಎದ್ದರು. ದೋಣಿ ಅತ್ತ ವಾಲಿದರೆ ಅವರು ಇತ್ತ ವಾಲುತ್ತಿದ್ದರು. ಬೀಸಿದ ಬಲೆ ಬಿಚ್ಚಿಕೊಳ್ಳಲೇ ಇಲ್ಲ, ಒದ್ದೆ ಬಟ್ಟೆಯ ಮುದ್ದೆಯ ಹಾಗೆ ಪಕ್ಕದಲ್ಲೇ ಬಿತ್ತು. ದಾಟಿಸುವ ದೋಣಿಯವನು, "ಯಜಮಾನ್ರೇ, ಕುಣಿಯೋದು ಕಲಿತಾ ಇದೀರಾ?" ಎಂದು ಕೂಗಿದ. ದೋಣಿಯಲ್ಲಿದ್ದವರೆಲ್ಲ ನಕ್ಕರು. ಅಪ್ಪನೂ ಕೈಯೆತ್ತಿ ನಕ್ಕರು.

ಬೇಗ ಬಂದುಬಿಟ್ಟರು. ದೋಣಿಯನ್ನು ಒಳಗೂ ಹೊರಗೂ ತೊಳೆದು, ಒರೆಸಿ, ಮೇಲೆ ಟಾರ್ಪಾಲು ಮುಚ್ಚಿದರು. ಬಲೆಯನ್ನು ಮಾಮೂಲಿನ ಹಾಗೆ ಗೋಡೆಯ ಗೂಟಕ್ಕೆ ಹಾಕಲಿಲ್ಲ. ನೆಲದ ಮೇಲೆ ಹರಡಿ, ಸೀಸದ ಗುಂಡುಗಳನ್ನು ಒಂದು ಕಡೆ ಸೇರಿಸಿ, ಸೀರೆ ಮಡಿಸುವ ಹಾಗೆ ಮಡಿಸಿ ಚೀಲದೊಳಗಿಟ್ಟು ಬಾಯಿ ಕಟ್ಟಿದರು. ಊಟಕ್ಕೆ ಕೂತಾಗ, "ಹುಳಿ ಚೆನ್ನಾಗಿದೆ" ಅಂದರು. ಉಪ್ಪು ಹಾಕುವುದನ್ನೇ ಮರೆತಿದ್ದೆ.

ಹೀಗಾಗಲಿ ಎಂದೇ ತಾನೆ ನಾನು ಕಾದದ್ದು? ಆಯಿತು. ಈಗ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದಾರೆ. ನಾನು ಬೇಡ ಅನ್ನಲೂ ಇಲ್ಲ. ಬೇಡ ಅಂದಿದ್ದರೆ ಸಿಟ್ಟಾಗಲು ಅವರಿಗೆ ಒಬ್ಬಳು ಮಗಳಾದರೂ ಇರುತ್ತಿದ್ದಳು. ಈಗ ಅವರಿಗೆ ಸಿಟ್ಟಿರುವುದು ತಮ್ಮ ಕಾಲಿನ ಮೇಲೆ. ಆಗಾಗ ಬಲಗಾಲಿನ ಮೇಲೆ ಮುಷ್ಟಿಯಿಂದ ಮೆಲ್ಲಗೆ ಗುದ್ದಿಕೊಳ್ಳುತ್ತಾರೆ, ನಾನು ನೋಡಿದರೆ ತಿಕ್ಕಿಕೊಂಡವರ ಹಾಗೆ ಮಾಡುತ್ತಾರೆ.

ಏನಾದರೂ ಬರೆ. ಬೈದಾದರೂ ಬರೆ.

ಅಕ್ಕ

---

ಏಪ್ರಿಲ್ 27

ಬುಗುರಿ,

ನಿನ್ನಿಂದ ಪತ್ರವಿಲ್ಲ. ಫೋನಿನಲ್ಲಿ ಅಪ್ಪನ ಜೊತೆ ಹವೆಯ ಬಗ್ಗೆ ಮಾತಾಡಿ ಇಟ್ಟುಬಿಡುತ್ತೀಯ. ಮಾತಾಡಲು ಅಪ್ಪ ನನ್ನನ್ನು ಕರೆದರೆ, "ಲಿಫ್ಟು ಕೆಟ್ಟಿದೆಯಂತೆ, ಹೋಗ್ಬೇಕು" ಅನ್ನುತ್ತೀಯ. ನಿನ್ನ ಊರಿನ ಲಿಫ್ಟುಗಳೆಲ್ಲ ನಾನು ಫೋನು ಹಿಡಿದ ಕೂಡಲೇ ಕೆಡುತ್ತವೆ.

ಇಲ್ಲಿ ಆಗಿದ್ದನ್ನು ಕೇಳು. ಅಪ್ಪ ಕುರ್ಚಿಯಲ್ಲಿ ಕೂತದ್ದು ಕೆಲವೇ ದಿನ. ಒಂದು ಬೆಳಿಗ್ಗೆ ಟಾರ್ಪಾಲು ತೆಗೆದು, ಬಲೆಯ ಚೀಲವನ್ನು ಮನೆಯಲ್ಲೇ ಬಿಟ್ಟು, ಗಾಳದ ದಾರಗಳನ್ನು ತೆಗೆದುಕೊಂಡು ಹೊರಟರು. ಹುಡುಗನಾಗಿದ್ದಾಗ ಗಾಳ ಹಾಕಿದ್ದವರು, ಆಮೇಲೆ ಮುಟ್ಟಿರಲಿಲ್ಲ. "ನಿಂತ್ಕೊಂಡು ಮಾಡೋ ಕೆಲಸ ಆದ್ರೆ ತಾನೆ ನಿಂತ್ಕೋಬೇಕು" ಅಂದರು. ಒಬ್ಬರೇ ಕೂತರೆ ಮೂತಿ ಮೇಲೆದ್ದು ಗಾಳಿಗೆ ತಿರುಗುತ್ತದಂತೆ, ಅದಕ್ಕೆ ಒಗೆಯುವ ಕಲ್ಲಿನಷ್ಟು ದೊಡ್ಡ ಕಲ್ಲೊಂದನ್ನು ಮುಂದೆ ಇಟ್ಟುಕೊಂಡರು. ಹಾಕಿಕೊಳ್ಳಿ ಎಂದು ಜಾಕೀಟು ಕೊಟ್ಟರೆ ಅದನ್ನು ಮಡಿಸಿ ಅದರ ಮೇಲೆ ಕೂರುತ್ತಾರೆ.

ಈಗ ದಿನಾ ಹೋಗುತ್ತಾರೆ. ಎಲ್ಲಿಗೆ ಗೊತ್ತೆ? ಆಚೆ ದಡದ ಬಂಡೆಗಳ ಕೆಳಗೆ, ಆಳದ ನೀರಿಗೆ. ಮರದ ದೋಣಿಯಲ್ಲಿ ಇತ್ತೀಚೆಗೆ ಅಷ್ಟು ದೂರ ಹೋಗುತ್ತಲೇ ಇರಲಿಲ್ಲ. ಈ ದೋಣಿ ಅಲೆಯನ್ನು ಸೀಳಿಕೊಂಡು ಹೋಗುತ್ತದೆ, ನಿನ್ನ ಅಂಗಡಿಯವ ಹೇಳಿದ್ದು ನಿಜ. ಮೊದಲು ಹೊಳೆಯುವ ಚುಕ್ಕೆಯಾಗುತ್ತದೆ, ಆಮೇಲೆ ಅದೂ ಇಲ್ಲ. ತಟ್ಟೆಯನ್ನು ತರಿಸಿದ್ದರೆ ಜೊಂಡಿನಲ್ಲಿ, ನನ್ನ ಕಿಟಕಿಯ ಎದುರಿಗೇ ಇರುತ್ತಿದ್ದರು. ದಡದಲ್ಲಿ ಕೂರಿಸಲೆಂದು ನಾನು ಆರಿಸಿದ ದೋಣಿ ಅವರನ್ನು ನನ್ನ ಕಣ್ಣಳತೆಯಿಂದ ಆಚೆ ಒಯ್ಯುತ್ತಿದೆ. ಮಧ್ಯಾಹ್ನ ಗಾಳಿ ಏಳುವ ಹೊತ್ತಿಗೆ ಕೌಂಟರಿನಲ್ಲಿ ನನ್ನ ಕಣ್ಣು ಚೀಟಿಯ ಮೇಲಿರುವುದಿಲ್ಲ. ಮೊನ್ನೆ ಒಬ್ಬರಿಗೆ ತಪ್ಪು ಮಾತ್ರೆ ಎತ್ತಿಕೊಟ್ಟು, ಬಾಗಿಲವರೆಗೆ ಓಡಿಹೋಗಿ ವಾಪಸು ಇಸಿದುಕೊಂಡೆ.

"ಅಷ್ಟು ದೂರ ಯಾಕಪ್ಪಾ? ನನಗೆ ಕಾಣೋದೇ ಇಲ್ಲ" ಅಂದೆ.

"ನಿಂಗೆ ನಾನು ಕಾಣಲ್ಲ ಅಷ್ಟೆ. ನಾನು ಹಿಂದಕ್ಕೆ ಮುಖ ಮಾಡ್ಕೊಂಡು ಹೋಗೋನು, ನಂಗೆ ಕಿಟಕಿ ಕಾಣ್ತಾನೇ ಇರುತ್ತೆ" ಅಂದರು.

ಇದಿಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನಿನ್ನೆ ಮಂಡಿನೋವಿನ ಮುಲಾಮಿಗೆ ಕೌಂಟರಿಗೆ ಬಂದರು. ಸಾಲಿನಲ್ಲಿ ದಾಟಿಸುವ ದೋಣಿಯವನೂ ಇದ್ದ. "ಈ ವಯಸ್ಸಲ್ಲಿ ಬಂಡೆ ತನಕ ಯಾಕೆ ಯಜಮಾನ್ರೇ, ಜೊಂಡಲ್ಲೇ ಹಾಕ್ಕೊಳ್ಳಿ" ಅಂದ. ಅಪ್ಪ ನನ್ನ ಕಡೆ ಕೈ ತೋರಿಸಿ, ಇಡೀ ಸಾಲಿಗೆ ಕೇಳುವ ಹಾಗೆ, "ನನ್ನ ಮಗಳನ್ನ ಕೇಳು. ಅಪ್ಪ ದೂರದ ನೀರಿಗೆ ಹೋಗೋರು, ಜೊಂಡಲ್ಲಿ ಕೂರೋ ಆಳಲ್ಲ ಅಂತ ಅವಳೇ ಆರ್ಸಿರೋ ದೋಣಿ ಇದು" ಅಂದರು. ಎಷ್ಟೋ ದಿನದಿಂದ ಅವರ ಬೆನ್ನು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

ಆ ವಾಕ್ಯ ನನ್ನದು ಬುಗುರಿ. ನಿನಗೆ ಬರೆದದ್ದು. ಬರೆದಾಗ ಅದು ಸುಳ್ಳಾಗಿತ್ತು. ಅದು ಅಪ್ಪನ ಬಾಯಿಗೆ ಹೇಗೆ ಹೋಯಿತು?

ಅಕ್ಕ

---

ಮೇ 8

ಅಕ್ಕ,

ನಾನೇ ಹೇಳಿದ್ದು.

"ಎರಡನೆಯದು" ಎಂದು ಶುರುವಾದ ನಿನ್ನ ಪತ್ರ ಬಂದ ಮಾರನೆಯ ದಿನ ಅಪ್ಪ ನಮ್ಮ ವರ್ಕ್‌ಶಾಪಿಗೆ ಫೋನು ಮಾಡಿದ್ದರು. ದಾಟಿಸುವ ದೋಣಿಯವನ ಫೋನಿನಿಂದ. ನೀನು ಕೆಲಸಕ್ಕೆ ಹೋದ ಹೊತ್ತು ನೋಡಿ ಮಾಡಿದ್ದಾರೆ. "ಎರಡು ಥರ ಇದೆಯಂತಲ್ಲಪ್ಪ. ಚಪ್ಪಟೆ ತಳದ್ದೇ ತಗೋ" ಅಂದರು. ಯಾಕೆ ಅಂದೆ. "ನನ್ನ ಕಾಲು ಮೊದಲಿನ ಹಾಗಿಲ್ಲ. ಜೊಂಡಲ್ಲೇ ಇರ್ತೀನಿ. ಅಲ್ಲಾದ್ರೆ ಕಿಟಕಿಯಿಂದ ಅವಳಿಗೆ ಕಾಣ್ತಾ ಇರ್ತೀನಿ, ಹೆದರಲ್ಲ. ಈಗ ದಿನಾ ಹೆದರ್ತಾಳೆ, ಹೇಳಲ್ಲ. ನಾನು ಹೀಗಂದೆ ಅಂತ ಅವಳಿಗೆ ಹೇಳ್ಬೇಡ" ಅಂದರು.

ನೀನು ಅವರಿಗೆ ಹೇಳಬೇಡ ಅಂದಿದ್ದೆ, ಅವರು ನಿನಗೆ ಹೇಳಬೇಡ ಅಂದರು. ಇಬ್ಬರೂ ನಡುವೆ ನನ್ನನ್ನು ನಿಲ್ಲಿಸಿದಿರಿ. ಅವತ್ತೇ ಇಬ್ಬರಿಗೂ ಹೇಳಿಬಿಡಬೇಕಿತ್ತು. ಹೇಳಿದರೆ ನೀನು ಅವರಿಗೆ ಏನು ಬಗೆದಿದ್ದೆ ಅನ್ನುವುದೂ ಹೊರಗೆ ಬರುತ್ತಿತ್ತು. ನಿನ್ನ ಮಾನ ಉಳಿಸುತ್ತಿದ್ದೇನೆ ಅಂದುಕೊಂಡೆ. ಅದು ನಿಜವೋ, ಅಪ್ಪ ನೀರಿಗೇ ಹೋಗದಿದ್ದರೆ ನನಗೂ ಇಲ್ಲಿ ನಿಶ್ಚಿಂತೆ ಅನ್ನುವುದು ನಿಜವೋ, ಈಗ ಬಿಡಿಸಿ ನೋಡಲು ಆಗುತ್ತಿಲ್ಲ. ಕೊಡಲಿಯನ್ನು ಕಳಿಸಿದೆ.

ಕಳಿಸಿದ ಮೇಲೆ ನಾನೇ ಫೋನು ಮಾಡಿದೆ. "ನಾನು ಹೇಳಿದ್ದು ಅದಲ್ವಲ್ಲ?" ಅಂದರು. ನಿನ್ನ ಪತ್ರದ ವಾಕ್ಯ ಎದುರಿಗಿತ್ತು. ಅಕ್ಕನೇ ಹೇಳಿದ್ದು, ಅಪ್ಪ ದೂರದ ನೀರಿಗೆ ಹೋಗುವವರು, ಜೊಂಡಿನಲ್ಲಿ ಕೂರುವ ಆಳಲ್ಲ ಅಂತ, ಅಂದುಬಿಟ್ಟೆ. ಆಮೇಲೆ, "ಅವಳೇ ಹೇಳಿದ್ಲಾ?" ಅಂದರು. ಹೌದು ಅಂದೆ. "ಹಾಗೇ ಹೇಳಿದ್ಲಾ?" ಅಂದರು. ಹೌದು ಅಂದೆ.

ಅವರೇನೂ ಅನ್ನಲಿಲ್ಲ ಅಂತ ನಿನಗೆ ಬರೆದಿದ್ದೆ. ಅಂದಿದ್ದು ಇಷ್ಟು.

ಅವರು ಕುಣಿದಂತೆ ಎದ್ದು ಬಿದ್ದು ಮಾಡಿದ್ದನ್ನು ನೀನು ಬರೆದ ಪತ್ರ ನನ್ನ ಟೂಲ್ ಬಾಕ್ಸಿನಲ್ಲೇ ಇದೆ. ಅದನ್ನು ಓದಿದ ಮೇಲೆ ನಿನಗೆ ಏನು ಬರೆಯಲು ಕೂತರೂ ಕೈ ಬರಲಿಲ್ಲ. ಲಿಫ್ಟು ಕೆಟ್ಟಿದ್ದು ಒಂದೇ ಸಲ, ಉಳಿದದ್ದೆಲ್ಲ ಸುಳ್ಳು.

ಅಂಗಡಿಯವನನ್ನು ಕೇಳಿದ್ದೇನೆ. ದೋಣಿಯನ್ನು ವಾಪಸು ತೆಗೆದುಕೊಂಡು ತಟ್ಟೆಯನ್ನು ಕೊಡುತ್ತಾನಂತೆ. ಒಂದು ಮಾತು ಹೇಳು, ನಾನೇ ಲಾರಿಯ ಜೊತೆ ಬಂದು ಬದಲಿಸಿಕೊಡುತ್ತೇನೆ. ಆದರೆ ಯಾಕೆ ಬದಲಿಸುತ್ತಿದ್ದೀರಿ ಎಂದು ಅಪ್ಪ ಕೇಳಿದರೆ ಏನು ಹೇಳುವುದು ಎಂದು ಯೋಚಿಸಿ ಯೋಚಿಸಿ ಸೋತಿದ್ದೇನೆ. ನಿನ್ನ ಮಗಳು ಹಾಗೆ ಅಂದೇ ಇರಲಿಲ್ಲ ಅನ್ನಲಾ?

ಬುಗುರಿ

---

ಮೇ 20

ಬುಗುರಿ,

ತಟ್ಟೆಯನ್ನು ಕಳಿಸಬೇಡ.

ನಿನ್ನ ಪತ್ರ ಓದಿದ ದಿನ ಕೆಲಸ ಮುಗಿದ ಮೇಲೂ ಕೌಂಟರಿನ ಬಾಗಿಲು ಎಳೆದುಕೊಂಡು ಅಲ್ಲೇ ಕೂತಿದ್ದೆ. ನನಗೆ ಕಾಣುವ ಹಾಗೆ ಇರಬೇಕೆಂದು ಅಪ್ಪ ತಾವಾಗಿಯೇ ತಮ್ಮ ನೀರನ್ನು ಒಂದು ಕಿಟಕಿಯಷ್ಟಕ್ಕೆ ಇಳಿಸಿಕೊಂಡಿದ್ದರು. ನಾನು ಬಾಯಿಬಿಟ್ಟು ಕೇಳಿದ್ದರೆ ಇದ್ದುಬಿಡುತ್ತಿದ್ದರು, ಸಂತೋಷವಾಗಿಯೇ. ಅದನ್ನು ಕೇಳದೆ ದೋಣಿಯ ತಳದ ಆಕಾರದಲ್ಲಿ ಬಚ್ಚಿಟ್ಟು ತರಿಸಿದೆ. ಈಗ ವಾಪಸು ಕೇಳಿದರೆ ಅವರ ಬೆನ್ನು ಮತ್ತೆ ಬಗ್ಗುತ್ತದೆ. ಕೇಳದಿದ್ದರೆ ಸುಳ್ಳಿನ ಬಲದಲ್ಲಿ ಬಂಡೆಗಳ ತನಕ ಹೋಗುತ್ತಾರೆ.

ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ರಜೆ ಹೇಳಿ ದಡಕ್ಕೆ ಹೋದೆ. ಅಪ್ಪ ಹುಟ್ಟುಗಳನ್ನು ಸಿಕ್ಕಿಸುತ್ತಿದ್ದರು.

"ನಾನೂ ಬರ್ತೀನಿ" ಅಂದೆ.

"ನಿಂಗೆ ಈಜು ಬರಲ್ಲ."

"ನಿಮಗೆ ಮಂಡಿ ಬರಲ್ಲ."

ಅವರು ದೋಣಿಯ ಮುಂದಿನಿಂದ ಆ ಕಲ್ಲನ್ನು ಉರುಳಿಸಿ ಮರಳಿಗೆ ಕೆಡವಿದರು. "ಎರಡೂ ಯಾಕೆ? ಕಲ್ಲಾದ್ರೆ ಮಾತಾಡ್ತಿರ್ಲಿಲ್ಲ, ಅದೊಂದು ನಷ್ಟ" ಅಂದರು. ನಾನು ಜಾಕೀಟು ಹಾಕಿಕೊಂಡೆ. ನನ್ನನ್ನು ನೋಡಿ ಅವರೂ ತಾವು ಕೂರುತ್ತಿದ್ದ ಜಾಕೀಟನ್ನು ಕೊಡವಿ ಹಾಕಿಕೊಂಡರು.

ಕಾಲಿಟ್ಟಾಗ ದೋಣಿ ಪಕ್ಕಕ್ಕೆ ಹಾರಿತು, ನಾನು ಕಿರುಚಿದೆ. ಕಿಟಕಿಯಲ್ಲಿ ನಿಂತು ನೋಡಿದ್ದು ಈ ಅಲುಗಾಟವನ್ನೇ ಎಂದು ಆಗ ಗೊತ್ತಾಯಿತು. ಅಲ್ಲಿಂದ ಅದು ತೀರಾ ಸಣ್ಣದಾಗಿ ಕಂಡಿತ್ತು. ಕಲ್ಲಿನ ಜಾಗದಲ್ಲಿ ದಡದ ಕಡೆ ಮುಖ ಮಾಡಿ ಕೂತೆ. ಹುಟ್ಟು ಎಳೆಯುವವರು ಹಿಂದಕ್ಕೆ ಮುಖ ಮಾಡಿ ಕೂರುವುದರಿಂದ ಅಲ್ಲಿಂದ ಅಪ್ಪನ ಬೆನ್ನು ಮಾತ್ರ ಕಾಣುತ್ತದೆ. ಜಾಕೀಟಿನ ಎರಡು ಪಕ್ಕದಲ್ಲಿ ಭುಜಗಳು ಒಟ್ಟಿಗೆ ಹತ್ತಿರ ಬರುತ್ತವೆ, ದೂರ ಹೋಗುತ್ತವೆ. ಜೊಂಡು ಹಿಂದೆ ಬಿತ್ತು. ಮನೆ ಸಣ್ಣದಾಯಿತು. ಅಪ್ಪನ ಭುಜದ ಮೇಲಿಂದ ನೋಡಿದೆ, ಕಿಟಕಿ ನಿಜವಾಗಿಯೂ ಕಾಣುತ್ತಿತ್ತು.

ನೀರಿನ ಮಧ್ಯೆ ಬಂದಮೇಲೆ ಆ ಬೆನ್ನಿಗೆ ಹೇಳಿದೆ.

"ಅಪ್ಪ, ಈ ದೋಣಿ ನಾನು ಆರ್ಸಿದ್ದು ನೀವು ದೂರ ಹೋಗ್ಲಿ ಅಂತ ಅಲ್ಲ. ನೀವು ನಿಲ್ಲಲಿ ಅಂತ."

ಹುಟ್ಟುಗಳು ನೀರಿನ ಮೇಲೆ ಹಾಗೇ ನಿಂತವು. ತುದಿಯಿಂದ ಹನಿ ಬೀಳುತ್ತಿತ್ತು. ಮುಂದಕ್ಕೆ ಹೋಗುವುದು ನಿಂತ ಕೂಡಲೇ ದೋಣಿ ಅತ್ತಿತ್ತ ಹೊಯ್ದಾಡತೊಡಗಿತು, ನಾನು ಎರಡು ಅಂಚನ್ನೂ ಹಿಡಿದುಕೊಂಡೆ. ಅವರ ಕಿವಿ ಮಂದವೆಂದು ನಿನಗೆ ಗೊತ್ತು. ಇನ್ನೊಮ್ಮೆ ಜೋರಾಗಿ ಹೇಳುವ ಧೈರ್ಯ ನನಗಿರಲಿಲ್ಲ.

"ಇದರಲ್ಲಿ ನಿಲ್ಲೋಕಾಗಲ್ಲಮ್ಮ" ಅಂದರು, ಹಿಂದೆ ತಿರುಗದೆ. "ನಿಂತ್ರೆ ನೋಡು, ಹೀಗೇ. ಕೂತ್ಕೊಂಡು ಹೋಗ್ತಾನೇ ಇರ್ಬೇಕು." ಮತ್ತೆ ಹುಟ್ಟು ಎಳೆದರು. ದೋಣಿ ನೆಟ್ಟಗಾಯಿತು. ಸ್ವಲ್ಪ ಮುಂದೆ ಹೋದಮೇಲೆ, "ಮಧ್ಯಕ್ಕೆ ಸರಿ, ಒಂದು ಕಡೆ ವಾಲ್ತಾ ಇದೆ" ಅಂದರು.

ಅವರಿಗೆ ಕೇಳಿಸಿದ್ದು ಯಾವ ನಿಲ್ಲುವುದು, ಉತ್ತರ ಹೇಳಿದ್ದು ಯಾವುದಕ್ಕೆ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬಂಡೆಯ ಕೆಳಗೆ ಗಾಳ ಇಳಿಬಿಟ್ಟು ಕೂತೆವು. ಒಂದು ಮೀನೂ ಬೀಳಲಿಲ್ಲ. "ನಿನ್ನ ಕಿರುಚಾಟ ಕೇಳಿ ಎಲ್ಲ ಊರು ಬಿಟ್ಟು ಹೋಗಿರ್ತವೆ" ಅಂದರು. ಗಾಳಿ ಏಳುವ ಮೊದಲೇ ವಾಪಸು ಬಂದೆವು. ಇಳಿಯುವಾಗ ನನ್ನ ಭುಜ ಹಿಡಿದುಕೊಂಡರು. ಹಾಗೆ ಹಿಡಿದುಕೊಂಡದ್ದು ಅದೇ ಮೊದಲು.

ಹಗುರಾಯಿತು ಎಂದು ಬರೆಯಲಾರೆ. ಆದರೆ ಡಾಕ್ಟರನ್ನು ಕೇಳಿ ನನ್ನ ಪಾಳಿಯನ್ನು ಮಧ್ಯಾಹ್ನಕ್ಕೆ ಹಾಕಿಸಿಕೊಂಡಿದ್ದೇನೆ. ಬೆಳಿಗ್ಗೆ ನಾನು ಹೋಗುತ್ತೇನೆ. ನಾನು ಹೋಗದ ದಿನ ಅವರು ಜೊಂಡು ದಾಟುವ ಹಾಗಿಲ್ಲ. ಇದನ್ನು ಮಾತ್ರ ಬಾಯಿಬಿಟ್ಟು, ಎದುರಿಗೇ ಕೂತು ಹೇಳಿದೆ. "ಆಗ್ಲಿ" ಅಂದರು, ಸಿಟ್ಟಿನಿಂದಲೇ. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಪುಣ್ಯ, ಸಿಟ್ಟು ಈಗ ಕಾಲಿನ ಮೇಲಲ್ಲ, ನನ್ನ ಮೇಲೆ. ಕಲ್ಲು ಇನ್ನೂ ದಡದಲ್ಲೇ ಬಿದ್ದಿದೆ, ದಾಟಿಸುವ ದೋಣಿಯವನು ಅದರ ಮೇಲೆ ಕೂತು ಬೀಡಿ ಸೇದುತ್ತಾನೆ.

ರಜೆ ಸಿಕ್ಕಾಗ ಬಾ. ಲಾರಿಯ ಜೊತೆ ಬೇಡ, ಬರಿಗೈಯಲ್ಲಿ ಬಾ. ನೀನು ಬಂದ ದಿನ ನಾನು ದಡದಲ್ಲಿ ಉಳಿಯುತ್ತೇನೆ, ಮುಂದಿನ ಜಾಗ ನಿನಗೆ. ಅಲ್ಲಿಂದ ಅಪ್ಪನ ಮುಖ ಕಾಣುವುದಿಲ್ಲ, ಹೇಳಲು ಸುಲಭ.

ಅಕ್ಕ